ಅಪ್ಪ ಹೇಳಿದ್ದ ಇಳಿತ

ಆಸ್ಟ್ರೇಲಿಯಾದ ವಿಟ್ಸಂಡೇ ದ್ವೀಪಗಳ ಕಡೆ ಬಾಡಿಗೆಗೆ ಹಾಯಿದೋಣಿ ನಡೆಸಲು ಲೈಸೆನ್ಸೇ ಬೇಡ! ಏರ್ಲಿ ಬೀಚ್‌ನಲ್ಲಿ ಅರ್ಧ ದಿನ ಪಾಠ ಹೇಳಿ, ಒಂದು ಕ್ಯಾಟಮರಾನ್ (ಜೋಡಿ ಒಡಲಿನ ಹಾಯಿದೋಣಿ) ಕೈಗೆ ಕೊಟ್ಟು ಕಳಿಸಿಬಿಟ್ಟರು. ನಾನು, ನಮ್ಮವರು, ಇಬ್ಬರು ಮಕ್ಕಳು, ಜೊತೆಗೆ ಕುಮಟಾದಿಂದ ಬ್ರಿಸ್ಬೇನ್‌ಗೆ ಬಂದಿದ್ದ ಅಪ್ಪ. ದಿನಾ ರೇಡಿಯೋದಲ್ಲಿ ಎಲ್ಲಿದ್ದೀವಿ ಅಂತ ತಿಳಿಸಬೇಕು, ಸಂಜೆ 4ರೊಳಗೆ ಎಲ್ಲಾದರೂ ದೋಣಿ ನಿಲ್ಲಿಸಿರಬೇಕು, ಇಷ್ಟೇ ಷರತ್ತು.

ಎರಡನೇ ದಿನ ವಿಟ್ಸಂಡೇ ದ್ವೀಪದ ಟಂಗ್ ಬೇ ಎಂಬ ಕೊಲ್ಲಿ ತಲುಪಿದೆವು. ದೊಡ್ಡ ದೋಣಿಯನ್ನು ಆಳದಲ್ಲಿ ಬಿಟ್ಟು, ಸಣ್ಣ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಇಳಿಯುವಾಗಲೇ ಅಪ್ಪ ಬಂಡೆ ತೋರಿಸಿ, "ಒದ್ದೆ ಗೆರೆ ನೋಡು, ನೀರು ಇಳೀತಾ ಇದೆ. ದೋಣಿ ಇಲ್ಲಿ ಬಿಡಬೇಡಿ" ಅಂದರು. ಅಘನಾಶಿನಿ ದಡದಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪಿನ ಜೀವಿ) ಆರಿಸಿ ಬೆಳೆದವರು ಅವರು. ನಾವು ಕೇಳಲಿಲ್ಲ. ಮೊಬೈಲಿನಲ್ಲಿ ಎಲ್ಲ ನೋಡಿದ್ದೆವಲ್ಲ!

ಅಲ್ಲಿಂದ ಹಿಲ್ ಇನ್ಲೆಟ್ ಎಂಬ ಅಳಿವೆ ನೋಡುವ ಜಾಗಕ್ಕೆ ಕಾಡಿನಲ್ಲಿ ಸ್ವಲ್ಪವೇ ನಡಿಗೆ. ಹತ್ತುವಾಗ ಮಗಳು ದಾರಿಬದಿಯಲ್ಲಿ ಉಡ ಕಂಡು ಕಿರುಚಿದಳು, ಉಡ ಮಾತ್ರ ನಮ್ಮನ್ನು ಕ್ಯಾರೇ ಅನ್ನಲಿಲ್ಲ. ಮೇಲೆ ಹೋದರೆ, ಅಬ್ಬಾ, ನೀಲಿ ನೀರಿನಲ್ಲಿ ಬಿಳಿ ಮರಳು ಸುಳಿಸುಳಿಯಾಗಿ, ನೀರುದೋಸೆ ಹಿಟ್ಟು ಕಾವಲಿಯ ಮೇಲೆ ಹರಡಿದ ಹಾಗೆ. ಈ ಚಿತ್ತಾರ ಚೆನ್ನಾಗಿ ಕಾಣೋದು ನೀರು ಇಳಿದಾಗಲೇ. ನಮಗೆ ಖುಷಿ, ಸರಿಯಾದ ಹೊತ್ತಿಗೇ ಬಂದೆವು ಅಂತ. ಅದೇ ಇಳಿತ ಹಿಂದುಗಡೆ ನಮ್ಮ ದೋಣಿಗೆ ಏನು ಮಾಡ್ತಿದೆ ಅಂತ ಯಾರಿಗೆ ಹೊಳೀಬೇಕು?

ಕೆಳಗಿಳಿದು ಮರಳಲ್ಲೂ ಆಡಿದೆವು. ಸುಡುಬಿಸಿಲು, ಆದರೂ ಬರಿಗಾಲಿಗೆ ತಣ್ಣಗೆ! ಹತ್ತಿರಹತ್ತಿರ ಪೂರ್ತಿ ಸಿಲಿಕಾ ಇರುವ ಮರಳಂತೆ, ಬಿಸಿ ಹಿಡಿಯೋದಿಲ್ಲ. ಎದುರಿಗೆ ವೈಟ್‌ಹೆವನ್ ಬೀಚ್, 7 ಕಿಲೋಮೀಟರ್ ಉದ್ದ. ದಾರಿಯ ಫಲಕದಲ್ಲಿ ಇಲ್ಲಿನ ಮೂಲನಿವಾಸಿ ಙಾರೋ ಜನರ ಬಗ್ಗೆ ಬರೆದಿತ್ತು, ಮರದ ತೊಗಟೆ ಹೊಲಿದು ಮಾಡಿದ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಓಡಾಡುತ್ತಿದ್ದವರು. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡರು.

ವಾಪಸ್ ಬಂದರೆ ರಬ್ಬರ್ ದೋಣಿ ಒಣ ನೆಲದ ಮೇಲೆ. ನೀರು ಎಲ್ಲೋ ದೂರ, ನಡುವೆ ಕೆಸರು, ಹವಳದ ಚೂರು. ಎಂಜಿನ್ ಸಮೇತ ಎತ್ತುವ ಮಾತೇ ಇಲ್ಲ. ನಮ್ಮವರು ಸುಮ್ನೆ ಒಂದು ಸಲ ತಳ್ಳಿ ನೋಡಿದರು, ಆಮೇಲೆ ಅವರೂ ಕೂತರು. ಅಪ್ಪ ಒಂದೂ ಮಾತಾಡಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು. ಚೀಲದಲ್ಲಿದ್ದ ಚಕ್ಕುಲಿ ಖಾಲಿಯಾಯಿತು. ಮಕ್ಕಳು ಕಡ್ಡಿ ನೆಟ್ಟು ನೀರು ಏರೋದನ್ನು ಅಳೆಯತೊಡಗಿದರು, ಅಜ್ಜನೇ ಮೇಷ್ಟ್ರು.

ದೋಣಿ ತೇಲುವಾಗ ಮೂರೂವರೆ ದಾಟಿತ್ತು. ಬೇರೆ ಕಡೆ ಹೋಗಲು ಹೊತ್ತಿಲ್ಲ, ಅಲ್ಲೇ ರಾತ್ರಿ ಕಳೆಯುತ್ತೇವೆ ಅಂತ ರೇಡಿಯೋದಲ್ಲಿ ಹೇಳಿದೆವು. ಅಲೆಗೆ ದೋಣಿ ರಾತ್ರಿಯಿಡೀ ತೊಟ್ಟಿಲಾಡಿತು. ನಮಗ್ಯಾರಿಗೂ ನಿದ್ದೆ ಇಲ್ಲ, ಅಪ್ಪ ಮಾತ್ರ ಗೊರಕೆ.