ಅಟ್ಟದ ಮೇಲಿದ್ದ ಕಾಗದ

ನಿನ್ನೆ ರಾತ್ರಿಯಿಂದ ರಿಚರ್ಡ್ ಮೋರ್ ಎಂಬ ಹುಡುಗ ತಲೆಯಲ್ಲೇ ಕೂತಿದ್ದಾನೆ. 1620ರಲ್ಲಿ ಇಂಗ್ಲೆಂಡಿನ ವಲಸಿಗರ ಮೇಫ್ಲವರ್ ಹಡಗು ಹತ್ತಿ ಅಮೆರಿಕಕ್ಕೆ ಹೊರಟಾಗ ಅವನಿಗೆ 6 ವರ್ಷವೂ ತುಂಬಿರಲಿಲ್ಲ. ಜೊತೆಗೆ ಒಡಹುಟ್ಟಿದವರಾದ ಎಲೆನ್, ಜಾಸ್ಪರ್, ಪುಟ್ಟ ಮೇರಿ. ಹಡಗಿನಲ್ಲಿ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ನಾಲ್ವರಲ್ಲಿ ಉಳಿದವನು ಇವನೊಬ್ಬನೇ.

ಇಂಥ ಎಳೆಯ ಮಕ್ಕಳನ್ನು ಯಾಕೆ ಕಳಿಸಿದರು? ವಂಶಾವಳಿ ಹುಡುಕುತ್ತಿದ್ದವರಿಗೆ ಉತ್ತರ ಸಿಕ್ಕಿದ್ದು 1959ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ. ಮೋರ್ ಮನೆತನದವರ ಮನೆಯ ಅಟ್ಟದಲ್ಲಿ 1622ರ ಕಾಗದವೊಂದಿತ್ತು. ಮಕ್ಕಳ ಅಪ್ಪ ಎನಿಸಿಕೊಂಡಿದ್ದ ಸ್ಯಾಮ್ಯುಯೆಲ್ ಮೋರ್‌ಗೆ ಹೆಂಡತಿ ಕ್ಯಾಥರೀನ್ ಮೇಲೆ ಅನುಮಾನ. ಮಕ್ಕಳ ಮುಖದಲ್ಲಿ ಬೇರೊಬ್ಬನ ಹೋಲಿಕೆ ಇದೆ ಎಂದು ಅವಳಿಂದ ಬಿಡಿಸಿ, ಕೊನೆಗೆ ಹಡಗು ಹತ್ತಿಸಿಬಿಟ್ಟ. ಅವಳು ನ್ಯಾಯಾಧೀಶರ ಮುಂದೆ ದೂರಿಟ್ಟಳು. ಆ ಕಾಗದ ಅವಳ ದೂರಿಗೆ ಅವನು ಕೊಟ್ಟ ಉತ್ತರ.

ರಿಚರ್ಡ್ ಬೆಳೆದು ಹಡಗಿನ ಕಪ್ತಾನನಾದ, ಅವನ ಸಮಾಧಿಕಲ್ಲು ಅಮೆರಿಕದ ಸೇಲಂನಲ್ಲಿದೆ. ಅವನ ಸಂತತಿಯವರು ಇವತ್ತು ಹೆಮ್ಮೆಯಿಂದ ತಮ್ಮ ಬೇರು ಹುಡುಕಿಕೊಂಡು ಅವನವರೆಗೆ ಹೋಗುತ್ತಾರೆ. ನನಗೆ ಮಾತ್ರ ಕ್ಯಾಥರೀನಳದ್ದೇ ನೆನಪು. ಅವಳು ಮಕ್ಕಳಿಗಾಗಿ ದೂರು ಕೊಡುವಾಗ ಮೂವರು ಆಗಲೇ ಕಡಲಾಚೆ ತೀರಿಹೋಗಿದ್ದರು.