ಸ್ಯಾನ್ ಲೊರೆಂಜೊದ ಇಳಿಜಾರು ಮೇಜುಗಳು

2018 ಅಕ್ಟೋಬರ್ 18, ಗುರುವಾರ
ಫ್ಲಾರೆನ್ಸ್

ಊರಿನಲ್ಲಿ ಇಂದು ಆಯುಧಪೂಜೆ. ಮೂಲಾ ನಕ್ಷತ್ರದ ದಿನ ಪೂಜೆಗಿಟ್ಟ ಪುಸ್ತಕಗಳನ್ನು ವಿಜಯದಶಮಿಯವರೆಗೆ ಯಾರೂ ತೆರೆಯುವಂತಿಲ್ಲ, ಒಂದಕ್ಷರವನ್ನೂ ಬರೆಯುವಂತಿಲ್ಲ ಎಂಬ ಕಟ್ಟಳೆ ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಬೆಳಿಗ್ಗೆ ಮೈಸೂರಿನಿಂದ ಫೋನು ಮಾಡಿದ ಅಣ್ಣ ಅದನ್ನೇ ನೆನಪಿಸಿದ. ಅಂಥ ದಿನವೇ, ಓದುವುದಕ್ಕೂ ಬರೆಯುವುದಕ್ಕೂ ಎಂದು ಮೈಕೆಲೆಂಜೆಲೊ ರೂಪಿಸಿದ ಕೋಣೆಯನ್ನು ನೋಡಲು ಮಗಳ ಜೊತೆ ಹೊರಟೆ.

ಸ್ಯಾನ್ ಲೊರೆಂಜೊ ಈ ಊರಿನ ಬಹಳ ಹಳೆಯ ಚರ್ಚುಗಳಲ್ಲಿ ಒಂದು. 393ರಲ್ಲಿ ಸಂತ ಆಂಬ್ರೋಸ್ ಇಲ್ಲಿ ಪ್ರತಿಷ್ಠೆ ನೆರವೇರಿಸಿದರೆಂದು ಹೇಳುತ್ತಾರೆ. ಈಗ ಕಾಣುವ ಕಟ್ಟಡ ಹದಿನೈದನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ಬ್ರುನೆಲೆಸ್ಕಿಯ ಯೋಜನೆಯಂತೆ ಎದ್ದದ್ದು. ಸುತ್ತಲೂ ಚರ್ಮದ ಚೀಲ ಮಾರುವವರ ಅಂಗಡಿಗಳು. ಚರ್ಚಿನ ಮುಂಭಾಗವಂತೂ ಗಾರೆ ಕಾಣದ ಗೋಡೆಯ ಹಾಗೆ ಒರಟಾಗಿ ನಿಂತಿದೆ. ಅದಕ್ಕೆ ಅಮೃತಶಿಲೆ ಹೊದಿಸುವ ವಿನ್ಯಾಸವನ್ನೂ ಮೈಕೆಲೆಂಜೆಲೊನೇ ಮಾಡಿಕೊಟ್ಟಿದ್ದ, ಆದರೆ 1520ರಲ್ಲಿ ಆ ಒಪ್ಪಂದ ರದ್ದಾಯಿತು. ಐನೂರು ವರ್ಷಗಳಿಂದ ಆ ಮುಖ ಹಾಗೆಯೇ ಇದೆ.

ಚರ್ಚಿನ ಎಡಬದಿಯ ಬಾಗಿಲಿನಿಂದ ಒಳ ಅಂಗಳಕ್ಕೆ ಹೋಗಿ, ಮೇಲಂತಸ್ತಿಗೆ ಹತ್ತಿದರೆ ಗ್ರಂಥಾಲಯ ಸಿಗುತ್ತದೆ. ಈ ಊರಿನಲ್ಲಿ ಅಧಿಕಾರ ನಡೆಸಿದ ಮೆದಿಚಿ ಮನೆತನದವರು ಕೂಡಿಹಾಕಿದ್ದ ಹಸ್ತಪ್ರತಿಗಳು, 1494ರಲ್ಲಿ ಆ ಮನೆತನವೇ ಊರು ಬಿಡಬೇಕಾಗಿ ಬಂದಾಗ ಕೈತಪ್ಪಿ, ಮತ್ತೆ ಕೈಸೇರಿ, ಕೆಲವು ಕಾಲ ರೋಮಿನಲ್ಲಿದ್ದು ಬಂದವು. ಅವುಗಳಿಗೆ ಶಾಶ್ವತವಾದ ನೆಲೆಯೊಂದು ಬೇಕೆಂದು, ಅದೇ ಮನೆತನದಿಂದ ಪೋಪ್ ಪದವಿಗೇರಿದ ಏಳನೆಯ ಕ್ಲೆಮೆಂಟ್ ಈ ಕೆಲಸವನ್ನು ಮೈಕೆಲೆಂಜೆಲೊನಿಗೆ ವಹಿಸಿದ. ಈ ಪೋಪ್ ಹಣ ಕೊಟ್ಟು ಸುಮ್ಮನಿರುವ ಪೈಕಿಯವನಲ್ಲ. ಪ್ರತಿಯೊಂದು ವಿವರಕ್ಕೂ ರೋಮಿನಿಂದ ಪತ್ರ ಬರೆಸುತ್ತಿದ್ದ. ಮೊಗಸಾಲೆಗೆ ಚಾವಣಿಯಿಂದ ಬೆಳಕು ಇಳಿಸುವ ಗಾಜಿನ ಕಿಂಡಿಗಳನ್ನು ಮೈಕೆಲೆಂಜೆಲೊ ಸೂಚಿಸಿದಾಗ, ಅದೇನೋ ಸೊಗಸಾಗಿದೆ, ಆದರೆ ಅದರ ಧೂಳು ಒರೆಸುವುದಕ್ಕೆಂದೇ ಇಬ್ಬರು ಸನ್ಯಾಸಿಗಳನ್ನು ನೇಮಿಸಬೇಕಾದೀತು ಎಂಬ ಉತ್ತರ ಬಂತಂತೆ. ಮನೆ ಕಟ್ಟಿಸಿ ನೋಡಿದವರಿಗೆ ಈ ಪೋಪನ ಮೇಲೆ ಅಭಿಮಾನ ಹುಟ್ಟದೆ ಇರದು.

ಕೆಳಗೆ ಪಾದ್ರಿಗಳು ವಾಸವಾಗಿದ್ದ ಹಳೆಯ ಕಟ್ಟಡವಿದ್ದು, ಅದರ ಮೇಲೆ ಹೊಸ ಅಂತಸ್ತು ಏರಬೇಕಾಗಿತ್ತು. ಆದ್ದರಿಂದ ಗೋಡೆಯ ಭಾರ ಹೆಚ್ಚಾಗುವಂತಿರಲಿಲ್ಲ. ಮೈಕೆಲೆಂಜೆಲೊ ಕಲ್ಲಿನ ಕಂಬಪಟ್ಟಿಗಳ ಚೌಕಟ್ಟು ಕಟ್ಟಿ, ನಡುವಿನ ಗೋಡೆಯನ್ನು ತೆಳುವಾಗಿಸಿ, ಅಲ್ಲಲ್ಲಿ ಕಿಟಕಿಗಳನ್ನು ತೆರೆದ. 1527ರಲ್ಲಿ ರೋಮ್ ಲೂಟಿಯಾಗಿ ಮೆದಿಚಿಗಳು ಮತ್ತೆ ಫ್ಲಾರೆನ್ಸಿನಿಂದ ಹೊರಬಿದ್ದಾಗ ಕೆಲಸ ನಿಂತಿತು. ಆಗ ಮೈಕೆಲೆಂಜೆಲೊ ಅವರ ವಿರೋಧಿಗಳಾದ ಗಣರಾಜ್ಯದವರ ಪರವಾಗಿ ಊರಿನ ಕೋಟೆಯನ್ನು ಬಲಪಡಿಸುತ್ತಿದ್ದ. ಆಮೇಲೆ ಕ್ಷಮೆ ಸಿಕ್ಕಿತು, ಕೆಲಸ ಮುಂದುವರಿಯಿತು. 1534ರಲ್ಲಿ ಅವನು ರೋಮಿಗೆ ಹೋದವನು ಮತ್ತೆ ಇಲ್ಲಿಗೆ ಬರಲೇ ಇಲ್ಲ. ಬಾಗಿಲು ತೆರೆದದ್ದು 1571ರಲ್ಲಿ, ಅವನು ತೀರಿಕೊಂಡು ಏಳು ವರ್ಷಗಳಾದ ಮೇಲೆ.

ಮೊಗಸಾಲೆಯಲ್ಲಿ ಎಲ್ಲರೂ ಮೆಟ್ಟಿಲಿನ ಚಿತ್ರ ತೆಗೆಯುತ್ತಾರೆ. ನಾವೂ ತೆಗೆದೆವು. ಬೂದುಬಣ್ಣದ ಪಿಯೆತ್ರಾ ಸೆರೆನಾ ಕಲ್ಲಿನ ಆ ಮೆಟ್ಟಿಲುಗಳು ಮಧ್ಯದಲ್ಲಿ ಉಬ್ಬಿಕೊಂಡು, ಮೇಲಿನ ಬಾಗಿಲಿನಿಂದ ಸುರಿದ ಯಾವುದೋ ದಪ್ಪ ದ್ರವ ನೆಲದ ಮೇಲೆ ಹರಡಿ ಗಟ್ಟಿಯಾದಂತೆ ಕಾಣುತ್ತವೆ. ರೋಮಿನಲ್ಲಿ ಮುದುಕನಾಗಿದ್ದ ಮೈಕೆಲೆಂಜೆಲೊನನ್ನು ಈ ಮೆಟ್ಟಿಲಿನ ಬಗ್ಗೆ ವಿಚಾರಿಸಿದಾಗ, ಅದು ಕನಸಿನಲ್ಲಿ ಕಂಡಂತೆ ನೆನಪಾಗುತ್ತಿದೆ ಎಂದು 1555ರ ಪತ್ರದಲ್ಲಿ ಬರೆದನಂತೆ. ಕಡೆಗೆ ಮಣ್ಣಿನ ಸಣ್ಣ ಮಾದರಿಯೊಂದನ್ನು ಮಾಡಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದ. 1559ರಲ್ಲಿ ಅದನ್ನು ನೋಡಿಕೊಂಡು ಮೆಟ್ಟಿಲು ಕಟ್ಟಿಸಿದವನು ಶಿಲ್ಪಿ ಬಾರ್ತೊಲೊಮಿಯೊ ಅಮ್ಮನಾತಿ. ಒಳಗಿನ ಮೇಜುಗಳಿಗೆ ಹೊಂದುವಂತೆ ಮೆಟ್ಟಿಲೂ ಅಕ್ರೋಟು ಮರದ್ದೇ ಆಗಿರಲಿ ಎಂದು ಮೈಕೆಲೆಂಜೆಲೊ ಬಯಸಿದ್ದ, ಅದು ನಡೆಯಲಿಲ್ಲ. ನನಗಂತೂ ಆ ಮೊಗಸಾಲೆ ಉಸಿರು ಕಟ್ಟಿಸಿತು. ಜೋಡಿ ಕಂಬಗಳನ್ನು ಗೋಡೆಯೊಳಗೆ ಹುದುಗಿಸಿಟ್ಟಿದ್ದಾನೆ, ಕಿಟಕಿಗಳಂತೆ ಕಾಣುವವು ಕುರುಡು ಗೂಡುಗಳು, ಕಂಬಗಳ ಕೆಳಗಿನ ಸುರುಳಿ ಬೋದಿಗೆಗಳು ಏನನ್ನೂ ಹೊತ್ತಂತಿಲ್ಲ. ಎತ್ತರ ಅಗಲಕ್ಕಿಂತ ಹೆಚ್ಚು, ಬಾವಿಯೊಳಗೆ ನಿಂತಂತೆ.

ಮೆಟ್ಟಿಲು ಹತ್ತಿ ಬಾಗಿಲು ದಾಟಿದ ಕೂಡಲೇ ಎಲ್ಲವೂ ಉದ್ದಕ್ಕೆ ಹರಿಯಿತು. ಸುಮಾರು 46 ಮೀಟರ್ ಉದ್ದ, ಹತ್ತೂವರೆ ಮೀಟರ್ ಅಗಲದ ಪಡಸಾಲೆ. ನಡುವೆ ದಾರಿ, ಎರಡೂ ಬದಿಗೆ ಸಾಲುಸಾಲಾಗಿ ಅಕ್ರೋಟು ಮರದ ಮೇಜುಗಳು. ಮೂವತ್ತು ವರ್ಷ ಕರಡು ತಿದ್ದಿ ಕುತ್ತಿಗೆ ಸವೆಸಿಕೊಂಡವಳ ಕಣ್ಣು ಬೇರೆ ಎಲ್ಲಿ ನಿಂತೀತು? ಮೆಟ್ಟಿಲಿಗಿಂತ ಈ ಮೇಜಿನಲ್ಲೇ ಅವನ ಬುದ್ಧಿ ಹೆಚ್ಚು ದುಡಿದಿದೆ ಎಂದು ನನಗೆ ಅನ್ನಿಸಿತು. ಮೇಜಿನ ಮೇಲ್ಭಾಗ ಇಳಿಜಾರಾಗಿದೆ. ಒಂದು ಮೇಜಿನ ಮುಂಭಾಗವೇ ಅದರ ಮುಂದಿನ ಸಾಲಿನವನ ಬೆನ್ನಿಗೆ ಒರಗು. ಇಳಿಜಾರಿನ ಕೆಳಗಿನ ಗೂಡಿನಲ್ಲಿ ಪುಸ್ತಕಗಳನ್ನು ಮಲಗಿಸಿ, ಕೆಂಪು ಚರ್ಮದ ರಟ್ಟಿಗೆ ಸರಪಳಿ ಬಿಗಿದು, ಸರಪಳಿಯನ್ನು ಮೇಜಿಗೆ ಕಟ್ಟಿರುತ್ತಿದ್ದರು. ದಾರಿಯ ಕಡೆಗಿರುವ ಮೇಜಿನ ಅಂಚಿನ ಹಲಗೆಯ ಮೇಲೆ, ಆ ಮೇಜಿನಲ್ಲಿ ಯಾವ ಯಾವ ಗ್ರಂಥಗಳಿವೆ ಎಂಬ ಪಟ್ಟಿ ಈಗಲೂ ಇದೆ. ನಡೆಯುತ್ತ ಹೋದರೆ ಗ್ರಂಥಸೂಚಿಯೊಳಗೇ ನಡೆದಂತೆ.

ಸರಪಳಿ ಎಂದರೆ ಪುಸ್ತಕ ಬೆಳಕಿನ ಬಳಿಗೆ ಹೋಗಲಾರದು ಎಂದು ಅರ್ಥ. ಹಾಗಾಗಿ ಬೆಳಕೇ ಪುಸ್ತಕದ ಬಳಿಗೆ ಬರಬೇಕಾಯಿತು. ಎರಡೂ ಗೋಡೆಗಳಲ್ಲಿ ಉದ್ದಕ್ಕೂ, ಮೇಜಿನ ಎತ್ತರಕ್ಕಿಂತ ಸ್ವಲ್ಪ ಮೇಲಿನಿಂದಲೇ, ಮೆದಿಚಿ ಲಾಂಛನಗಳ ಗಾಜು ಕೂರಿಸಿದ ಕಿಟಕಿಗಳಿವೆ. ಗೋಡೆಯ ಕಂಬಪಟ್ಟಿಗಳು ನೆಲದಿಂದಲ್ಲ, ಮೇಜುಗಳ ಸಾಲಿನ ಮೇಲಿನಿಂದ ಎದ್ದಂತೆ ಕಾಣುವುದರಿಂದ, ಇಡೀ ಗೋಡೆಗೆ ಓದುವವರ ಮೇಜೇ ಅಧಿಷ್ಠಾನವಾಗಿದೆ. ಬಲಗೈಯಲ್ಲಿ ಬರೆಯುವವರು ತಮ್ಮ ಎಡಕ್ಕೆ ಗೋಡೆಯಿರುವ ಸಾಲನ್ನೇ ಹಿಡಿಯುತ್ತಿದ್ದಿರಬೇಕು, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಇಳಿಜಾರಿಗೂ ಕಾರಣವಿದೆ: ಗರಿಯ ಲೇಖನಿಯನ್ನು ಸಪಾಟಾದ ಮೇಜಿನ ಮೇಲೆ ನೆಟ್ಟಗೆ ಹಿಡಿದರೆ ಶಾಯಿ ದಬದಬನೆ ಇಳಿಯುತ್ತದೆ, ಇಳಿಜಾರಿನಲ್ಲಿ ಲೇಖನಿ ಅಡ್ಡಲಾಗಿ ನಿಂತು ಶಾಯಿ ಹತೋಟಿಯಲ್ಲಿರುತ್ತದೆ. ನಮ್ಮ ತಾತ ಜಮಾಬಂದಿ ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆಯ ಮರ್ಮವೂ ಇದೇ ಇದ್ದೀತು. ನಾವು ಮಕ್ಕಳು ಅದನ್ನು ಜಾರುಬಂಡಿ ಮಾಡಿಕೊಂಡು ಬೈಸಿಕೊಂಡಿದ್ದೆವು.

“ಅಮ್ಮ, ಇಂಥ ಮೇಜು ಇದ್ದಿದ್ದರೆ ನಿನಗೆ ಕುತ್ತಿಗೆ ನೋವು ಬರುತ್ತಿರಲಿಲ್ಲ,” ಎಂದಳು ಮಗಳು. ಕುತ್ತಿಗೆಗೆ ಒಳ್ಳೆಯದೇ ಇರಬಹುದು, ಆದರೆ ಆ ಬೆಂಚು ನೋಡು, ಒಂದು ಗಂಟೆಗೆ ಸೊಂಟ ಹಿಡಿದುಕೊಳ್ಳುತ್ತದೆ ಎಂದೆ. ಪರೀಕ್ಷಿಸುವ ಹಾಗಿರಲಿಲ್ಲ, ಸಾಲುಗಳಿಗೆ ಹಗ್ಗ ಕಟ್ಟಿದ್ದರು.

ಮೇಜುಗಳ ಕೆಳಗೂ ಒಂದು ಸೋಜಿಗವಿದೆ. 1774ರಲ್ಲಿ ಪುಸ್ತಕಗಳ ಭಾರಕ್ಕೆ ಒಂದು ಮೇಜು ಕುಸಿದಾಗ, ಅಡಿಯಲ್ಲಿ ಕೆಂಪು ಬಿಳಿ ಸುಟ್ಟಮಣ್ಣಿನ ರಂಗೋಲಿಯಂಥ ಜ್ಯಾಮಿತಿ ಚಿತ್ತಾರಗಳು ಕಂಡವು. ಅಷ್ಟು ಶ್ರಮಪಟ್ಟು ಹಾಸಿದ ನೆಲವನ್ನು ಮೇಜುಗಳಿಂದ ಮುಚ್ಚಿಬಿಟ್ಟಿದ್ದರು. ಈಗಲೂ ಅದರ ಬಹುಭಾಗ ಮರೆಯಲ್ಲೇ ಇದೆ. ನಾವು ನಡೆದಾಡುವ ನಡುದಾರಿಯ ನೆಲದ ಚಿತ್ತಾರ ಮಾತ್ರ ನೆತ್ತಿಯ ಮೇಲಿನ ಮರದ ಚಾವಣಿಯ ಕೆತ್ತನೆಯನ್ನು ಕನ್ನಡಿಯಂತೆ ಅನುಸರಿಸುತ್ತದೆ.

ಇಲ್ಲಿನ ಸುಮಾರು 11,000 ಹಸ್ತಪ್ರತಿಗಳು ಈಗ ಬೇರೆ ಭಂಡಾರದಲ್ಲಿವೆ, ವಿದ್ವಾಂಸರು ಓದುವುದೂ ಬೇರೆ ಕೋಣೆಯಲ್ಲಿ. ಪಡಸಾಲೆಯ ಮೇಜುಗಳು ಬರಿದಾಗಿವೆ. ಅಲ್ಲಿ ನಿಂತಾಗ ನೆನಪಾದದ್ದು ಮೂಡುಬಿದಿರೆ. ಅಲ್ಲಿನ ಗುರುಬಸದಿಯಲ್ಲಿದ್ದ, ಧವಳ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಯಾತ್ರಿಕರು ಓದುತ್ತಿರಲಿಲ್ಲ, ಸಿದ್ಧಾಂತ ದರ್ಶನವೆಂದು ಕೈಮುಗಿದು ನೋಡಿ ಬರುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಅವು ಅಚ್ಚಾದ ಮೇಲೆಯೇ ಎಲ್ಲರ ಓದಿಗೆ ಸಿಕ್ಕಿದ್ದು. ಅಲ್ಲಿ ಪೂಜೆಯಿಂದ ಓದಿಗೆ ಬಂದವು. ಇಲ್ಲಿ ಓದಿನ ಮೇಜೇ ದರ್ಶನಕ್ಕೆ ನಿಂತಿದೆ, ಹಗ್ಗದ ಆಚೆಯಿಂದ ನಾವೂ ಮೂರ್ತಿಯನ್ನು ನೋಡಿದಂತೆಯೇ ನೋಡಿದೆವು.

ರಾತ್ರಿ ಒಂಬತ್ತೂವರೆ ದಾಟಿದೆ. ಹೋಟೆಲಿನ ಸಪಾಟು ಮೇಜಿನ ಮೇಲೆ ಎರಡು ದಪ್ಪ ಪ್ರವಾಸಿ ಪುಸ್ತಕಗಳನ್ನಿಟ್ಟು, ಅವುಗಳಿಗೆ ಊಟದ ತಟ್ಟೆಯೊಂದನ್ನು ಒರಗಿಸಿ ಇಳಿಜಾರು ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಗಿಂತ ಮೂರೂವರೆ ಗಂಟೆ ಮುಂದಿರುವ ಮೈಸೂರಿನಲ್ಲಿ ಆಗಲೇ ಹತ್ತೊಂಬತ್ತನೆಯ ತಾರೀಖು ಹುಟ್ಟಿದೆ, ಅಂದರೆ ವಿಜಯದಶಮಿ, ಬರೆಯಲು ಅಡ್ಡಿಯಿಲ್ಲ. ದಿನ ಸೂರ್ಯೋದಯದಿಂದ ಲೆಕ್ಕ ಎಂದು ಅಣ್ಣ ತಕರಾರು ತೆಗೆದರೆ ತೆಗೆಯಲಿ.