ಬಿದ್ರಿ ಉಳಿಯ ಏಳು ಹೆಜ್ಜೆ

ಬೀದರಿನ ಬಿದ್ರಿ ಕುಶಲಕರ್ಮಿಯೊಬ್ಬರು ಹೂಜಿಯ ಮೇಲೆ ಗೆರೆ ಕೊರೆಯುತ್ತಿದ್ದಾಗ ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದ ಉಳಿಯ ಸದ್ದನ್ನು ಇಂದು ತುಂಡು ತುಂಡಾಗಿ ಕತ್ತರಿಸಿ, ಸ್ಟೆಪ್ ಸೀಕ್ವೆನ್ಸರ್ (ಸದ್ದುಗಳನ್ನು ಸಮ ಅಂತರದ ‘ಹೆಜ್ಜೆ’ಗಳಲ್ಲಿ ಜೋಡಿಸಿ ಮತ್ತೆ ಮತ್ತೆ ನುಡಿಸುವ ಸಾಧನ) ಇರುವ, ಮುದ್ರಿಸಿಕೊಂಡ ಸದ್ದುಗಳನ್ನು ನುಡಿಸುವ ಸ್ಯಾಂಪಲ್ ಪ್ಲೇಯರ್ ಪ್ಲಗಿನ್‌ಗೆ ಹಾಕಿದೆ. ಸತು-ತಾಮ್ರದ ಮಿಶ್ರಲೋಹಕ್ಕೆ ಉಳಿ ತಗುಲಿದಾಗ ಮೊದಲು ಚೂಪಾದ ‘ಟಿಕ್’ ಕೇಳಿಸುತ್ತದೆ, ಅದರ ಬೆನ್ನಿಗೇ ಲೋಹ ಸವೆಯುವ ಸಣ್ಣ ದನಿಯೊಂದು ಬರುತ್ತದೆ. ಆ ಬಾಲವನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ಎಲ್ಲವನ್ನೂ 16 ಹೆಜ್ಜೆಗಳಲ್ಲಿ ಜೋಡಿಸಿದಾಗ, 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದ ಕಾಲದಿಂದ ಕಿವಿಗೆ ರೂಢಿಯಾದ ಲಯವೇ ಹೊರಟಿತು. ಹಾಗಾಗಿ ಜೊತೆಗಿದ್ದ ಕಿಕ್ ಡ್ರಮ್ಮನ್ನು (ತಗ್ಗು ದನಿಯ ದೊಡ್ಡ ಡ್ರಮ್) 16ರಲ್ಲೇ ಬಿಟ್ಟು ಉಳಿಯ ಟ್ರ್ಯಾಕನ್ನು ಮಾತ್ರ 7 ಹೆಜ್ಜೆಗೆ ಇಳಿಸಿದೆ. ಇವೆರಡೂ ಮತ್ತೆ ಒಟ್ಟಿಗೆ ಮೊದಲ ಹೆಜ್ಜೆಗೆ ಬರುವುದು 112 ಹೆಜ್ಜೆಗಳ ನಂತರ, ಅಂದರೆ ಬೀಟಿಗೆ ನಾಲ್ಕು ಹೆಜ್ಜೆಯಂತೆ ನಿಮಿಷಕ್ಕೆ 120 ಬೀಟ್‌ಗಳ ವೇಗದಲ್ಲಿ 14 ಸೆಕೆಂಡಿಗೊಮ್ಮೆ.

ಕೆಲವು ಹೆಜ್ಜೆಗಳು ಆಗಾಗ ಬಿಟ್ಟುಹೋಗುವಂತೆ ಅವು ನುಡಿಯುವ ಸಂಭವನೀಯತೆಯನ್ನು ಇಳಿಸಿಯೂ ನೋಡಿದೆ. ಅದು ಚೆನ್ನಾಗಿಯೇ ಇತ್ತು, ಆದರೆ ಆ ಖಾಲಿ ಜಾಗಗಳು ದಾಳ ಉರುಳಿಸಿದಂತೆ ಬರುತ್ತವೆ. ಕುಶಲಕರ್ಮಿಯ ಕೈ ನಿಲ್ಲುವುದಾದರೋ ಬಳ್ಳಿಯ ಗೆರೆ ತಿರುಗುವಲ್ಲಿ. ಕೊನೆಗೆ ಮೂಲ ಧ್ವನಿಮುದ್ರಣವನ್ನು ಕೇಳುತ್ತ ಖಾಲಿ ಹೆಜ್ಜೆಗಳನ್ನು ನಾನೇ ಒಂದೊಂದಾಗಿ ಗುರುತಿಸಿದೆ.

ಗೆಳೆಯರು ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು, ಫೋನಿನ ಸ್ಪೀಕರಿನಲ್ಲಿ ಕಿಕ್ ಡ್ರಮ್ ಸರಿಯಾಗಿ ಕೇಳಿಸುವುದಿಲ್ಲ.